ಕರಡಿಗೆಯಲ್ಲಿ ಹೊಳೆಗಲ್ಲು

ಸೋಮವಾರ, ನವೆಂಬರ್ ೪, ಗಣೇಶಗುಡಿ

ಒಲೆಯ ಮೇಲೆ ಹಾಲು ಇಟ್ಟಿದ್ದೆ. ಅದು ಕಾಯುವ ಮೊದಲೇ ನನ್ನ ಮಗ ಲಿಂಗಪೂಜೆ ಮುಗಿಸಿ ಎದ್ದ. ಕಾರ್ತಿಕದ ಮೊದಲ ಸೋಮವಾರ! ನನಗೆ ಬೆನ್ನು ಮಾಡಿ ಗೋಡೆಯ ಕಡೆ ಮುಖ ಹಾಕಿ ಕುಳಿತ, ವಿಭೂತಿ ಎಳೆದುಕೊಂಡ, ಏನೋ ಗೊಣಗಿದ, ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಕರಡಿಗೆಯ ಮುಚ್ಚಳ ಟಕ್ ಎಂದಿತು, ಆಯಿತು.

"ಯಾಕೋ ವೀರೇಶ, ಶಿವನ ಹಂತ್ಯಾಕ ಹಾಜರಿ ಹಚ್ಚಿ ಬಂದಿ ಏನು?" ಎಂದೆ.

"ಡ್ಯಾಮಿನ ನೀರು ಬಿಡೂ ಹೊತ್ತಾತು ಯವ್ವಾ. ಜನಾ ಬಂದು ಕುಂತಾರ."

"ಕುಂದರಲಿ. ಅವರೇನು ಕಾಶೀಗೆ ಹೊಂಟಾರ? ರಬ್ಬರ್ ದೋಣ್ಯಾಗ ಕುಂತು ಕಿರಚಾಕ ಬಂದಾರ."

ನಕ್ಕು ಹೋದ. ಇಪ್ಪತ್ತೇಳು ವರ್ಷದವನು, ಕಾಳಿ ಹೊಳೆಯಲ್ಲಿ ಪ್ಯಾಟೆ ಮಂದಿಯನ್ನು ದೋಣಿಯಲ್ಲಿ ಕರೆದೊಯ್ಯುವ ಕೆಲಸ. ಅದಕ್ಕೆ ಗೈಡ್ ಅನ್ನುತ್ತಾರಂತೆ. ದೇವರ ಮುಂದೆ ಕೂರಲು ಹೊತ್ತಿಲ್ಲ, ಗೈಡ್.

ದೀಪಾವಳಿ ಪಾಡ್ಯ ಮುಗಿಸಿ ಸೊಸೆ ದಾನೇಶ್ವರಿಯನ್ನೂ ಕೂಸನ್ನೂ ಅವಳ ತವರು ಹಳಿಯಾಳದಿಂದ ಕರೆದುಕೊಂಡು ನಾನೇ ಬಂದೆ. ಕೂಸಿನ ಹೆಸರು ಅಕ್ಕನಾಗಮ್ಮ, ಕರೆಯುವುದು ನಾಗು. ದಿನ ತುಂಬುವ ಮೊದಲೇ ಹುಟ್ಟಿತು. ಧಾರವಾಡದ ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆ ಗಡಿಬಿಡಿಯಲ್ಲಿ ಅದಕ್ಕೆ ಲಿಂಗ ಕಟ್ಟುವುದೇ ಉಳಿದುಹೋಯಿತು. ಲಿಂಗವಿಲ್ಲದ ಕೂಸನ್ನು ಎತ್ತಿಕೊಂಡಾಗೆಲ್ಲ ಅದರ ಬರಿ ಕೊರಳೇ ಕಣ್ಣಿಗೆ ಬೀಳುತ್ತದೆ. ಕಾರ್ತಿಕದ ಕಡೆಯ ಸೋಮವಾರ ನಮ್ಮೂರು ಪಾಳಾದಿಂದ ನಮ್ಮ ಮನೆತನದ ಗುರು ಬಸಲಿಂಗಯ್ಯನವರು ಬಂದು ಕಟ್ಟಿಕೊಡುತ್ತಾರೆ. ನಮ್ಮ ಮನೆತನದ ಪದ್ಧತಿಯಂತೆ ಅಪ್ಪನ ಎಡ ಅಂಗೈಯಲ್ಲಿ ಅವನ ಲಿಂಗ, ಅದರ ಮಗ್ಗುಲಲ್ಲಿ ಕೂಸಿನ ಲಿಂಗ. ಎರಡಕ್ಕೂ ಕೂಡಿ ಪೂಜೆಯಾಗಿ ಆಮೇಲೆ ಕೂಸಿಗೆ ಕಟ್ಟುವುದು. ವೀರೇಶನಿಗೂ ಅವನ ಅಪ್ಪನ ಅಂಗೈಯಲ್ಲಿ ಹಾಗೇ ಆಗಿತ್ತು.

ಅದಕ್ಕೇ ಸೊಸೆಗೆ ಹೇಳಿದೆ, "ವೀರೇಶನ ಕರಡಗಿ ಕಪ್ಪಾಗೇತಿ. ಇಸಕೊಂಡು ವಿಭೂತಿ ಹಚ್ಚಿ ತಿಕ್ಕು."

"ಇನ್ನ ಭಾಳ ದಿನಾ ಐತಲ್ರಿ ಅತ್ತಿ." ಫೋನಿನಿಂದ ತಲೆ ಎತ್ತಲಿಲ್ಲ.

ಅವಳಿಗೆ ಎಲ್ಲದಕ್ಕೂ ಇನ್ನೂ ದಿನ ಇರುತ್ತದೆ. ಪಕ್ಕದ ಹೋಂಸ್ಟೇಯಿಂದ ಮೀನು ಹುರಿಯುವ ವಾಸನೆ ಸೀದಾ ನಮ್ಮ ದೇವರ ಗೂಡಿಗೇ ಬರುತ್ತದೆ. ಕಿಟಕಿ ಮುಚ್ಚಿದರೆ ಸೆಕೆ. ಪಾಳಾದಲ್ಲಿ ಈ ಹೊತ್ತಿಗೆ ಗುಡಿಯಲ್ಲಿ ದೀಪ ಹಚ್ಚಿರುತ್ತಾರೆ. ಇಲ್ಲಿ ಮಾತಾಡಲು ಯಾರೂ ಇಲ್ಲ, ಬರೆಯುತ್ತೇನೆ.

ಗುರುವಾರ, ನವೆಂಬರ್ ೭

ಕರಡಿಗೆ ಕೊಡು ಎಂದರೆ "ನಾನ ತಿಕ್ಕತೇನಿ" ಎನ್ನುತ್ತಾನೆ. ತಿಕ್ಕುವುದಿಲ್ಲ. ಗಂಡ ಹೆಂಡತಿ ಕಣ್ಣಲ್ಲೇ ಏನೋ ಮಾತಾಡಿಕೊಳ್ಳುತ್ತಾರೆ. ನನ್ನನ್ನು ಕುರುಡಿ ಎಂದು ತಿಳಿದಿದ್ದಾರೆ.

ಮಂಗಳವಾರ, ನವೆಂಬರ್ ೧೨

ಇವತ್ತಿನದನ್ನು ಇವತ್ತೇ ಬರೆಯಬೇಕು. ಅಕ್ಷರ ಸೊಟ್ಟ ಬಂದರೆ ಬರಲಿ.

ಇವತ್ತು ವೀರೇಶನಿಗೆ ರಜೆ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿದ್ದ, ಎದೆಯ ಮೇಲೆ ನಾಗು. ಕೂಸು ಅವನ ಕರಡಿಗೆಯನ್ನು ಎಳೆದು ಬಾಯಿಗೆ ಹಾಕಿಕೊಂಡಿತ್ತು. ಲಿಂಗಕ್ಕೆ ಎಂಜಲಾಗುತ್ತದೆ ಎಂದು ಓಡಿಹೋಗಿ ಬಿಡಿಸಿದೆ. ಮುಚ್ಚಳ ಸಡಿಲವಿತ್ತು. ತೆರೆದುಕೊಂಡಿತು, ಒಳಗಿದ್ದದ್ದು ನೆಲಕ್ಕೆ ಬಿದ್ದು ಒಲೆಯ ಕಡೆ ಉರುಳಿತು.

ಬೂದು ಬಣ್ಣದ ಕಲ್ಲು. ಸುತ್ತಲೂ ಬಿಳಿ ಗೆರೆ. ಹೊಳೆಯ ದಂಡೆಯಲ್ಲಿ ಸಾವಿರ ಬಿದ್ದಿರುತ್ತವಲ್ಲ, ಅಂಥದು.

ವೀರೇಶ ಎದ್ದು ಕುಳಿತವನು ಎದೆಯ ಮೇಲೆ ಕೈ ಇಟ್ಟುಕೊಂಡ.

"ಲಿಂಗ ಎಲ್ಲೈತೋ?"

"ಹೊಳ್ಯಾಗ ಹೋತು ಯವ್ವಾ."

"ಯಾವಾಗ?"

"ಮೇ ತಿಂಗಳದಾಗ."

"ಮೇ ತಿಂಗಳದಾಗ! ಅಂದ್ರ ಶ್ರಾವಣದಾಗ ಮಠಕ್ಕ ಬಂದಿ, ದೀಪಾವಳ್ಯಾಗ ನನ್ನ ಮನ್ಯಾಗ ಸಾಲಿಗೆ ಕುಂತು ಉಂಡಿ, ಎಲ್ಲಾ ಈ ಕಲ್ಲು ಕಟಗೊಂಡು! ಯಾರ ಬುದ್ಧಿನೋ ಇದು?"

"ನಂದರಿ ಅತ್ತಿ," ಎಂದಳು ದಾನೇಶ್ವರಿ, ಬಾಗಿಲಲ್ಲಿ ನಿಂತು. ಅವಳಿಗೆ ಅಳುವೂ ಇಲ್ಲ, ಅಂಜಿಕೆಯೂ ಇಲ್ಲ. "ಲಿಂಗ ಹೋದ ದಿನಾ ಇವರು ಮನೀಗೆ ಬಂದು ನೀರು ಸೈತ ಕುಡೀಲಿಲ್ಲ. ಮರದಿನಾ ಹಂಗ ಹೊಳೀಗೆ ಹೋದ್ರು, ತಲಿ ತಿರಗಿ ಬಿದ್ರು. ಉಣ್ರಿ ಅಂದ್ರ ಲಿಂಗ ಇಲ್ಲ, ತಾಟು ಯಾವುದಕ್ಕ ತೋರಿಸಿ ಉಣ್ಣಲಿ ಅಂತ ಕೇಳಿದ್ರು. ದಂಡಿಗೆ ಹೋಗಿ ಒಂದು ಕಲ್ಲು ತೊಳಕೊಂಡು ಬಂದೆ. ನಿಮ್ಮ ಲಿಂಗ ಹೊಳ್ಯಾಗೈತಿ, ಇದೂ ಅದ ಹೊಳ್ಯಾಗಿಂದ ಬಂದೈತಿ, ಇದಕ್ಕ ತೋರಿಸಿ ಉಣ್ರಿ ಅಂದೆ. ಉಂಡ್ರು."

"ಮತ್ತ ಕರಡಗಿ?"

"ಅದೂ ಹೋತು. ಇದು ಹಳೇದನ್ನ ಹುಡುಕಿ ತಂದದ್ದರಿ. ಹೊಸಾದು ಇದ್ರ ನಿಮಗ ಗೊತ್ತಾಗತೈತಿ ಅಂತ."

ನಾನೇ ಮುಂಡಗೋಡದ ಅಕ್ಕಸಾಲಿಗನ ಮುಂದೆ ಕುಳಿತು ಮಾಡಿಸಿದ ಕರಡಿಗೆ. ಅದರ ಬದಲು ಬೇರೆ ನೇತಾಡುತ್ತಿದ್ದರೂ ನನಗೆ ಗುರುತು ಹತ್ತಲಿಲ್ಲ. ಇವರು ನನ್ನನ್ನು ಎಷ್ಟು ಚೆನ್ನಾಗಿ ಅಳೆದಿದ್ದಾರೆ!

ಆಗ ಬಾಯಿಗೆ ಬಂದದ್ದನ್ನು ಅಂದೆ. "ಅದಕ್ಕ ಕೂಸು ಅರ್ಧಕ್ಕ ಬಂತು. ಲಿಂಗ ಕಳಕೊಂಡು ಕಲ್ಲಿಗೆ ಕೈ ಮುಗಿಯೋ ಮನ್ಯಾಗ ಮತ್ತೇನಾಗತೈತಿ?"

ದಾನೇಶ್ವರಿ ಕೂಸನ್ನು ಎತ್ತಿಕೊಂಡು ಹೊರಗೆ ಅರಿವೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕುಳಿತಳು.

"ನನಗ ಬೈ ಯವ್ವಾ. ಆಕೀಗೆ ಬ್ಯಾಡ," ಎಂದ ವೀರೇಶ.

"ಇಬ್ಬರಿಗೂ ಬೈತೇನಿ. ನನ್ನ ಬಾಯಿಗೇನು ಬಡತನ ಬಂದಿಲ್ಲ."

ಆ ಕಲ್ಲನ್ನು ತೆಗೆದುಕೊಂಡು ಹಿತ್ತಲ ಗೋಡೆಯಾಚೆ ಪೊದೆಯೊಳಗೆ ಬೀಸಿ ಒಗೆದೆ. ಅವನು ನೋಡುತ್ತ ನಿಂತಿದ್ದ. ತಡೆಯಲಿಲ್ಲ.

ಬುಧವಾರ, ನವೆಂಬರ್ ೧೩

ನಾನು ಬೇರೆ ಒಲೆ ಹೂಡಿದ್ದೇನೆ. ಇವರ ಕೈ ಅಡುಗೆ ನನಗೆ ಬೇಡ.

ಪಾಳಾಕ್ಕೆ ಫೋನು ಮಾಡಿ ವೀರೇಶನ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಗೋವಿನಜೋಳದ ಹೊಲದಲ್ಲಿದ್ದರು. ಕೇಳಿಸಿಕೊಂಡು, "ಅಯ್ಯಾರ ಮುಂದ ಬಾಯಿ ಬಿಡಬ್ಯಾಡ. ಧಾರವಾಡದಾಗ ಅಂಗಡ್ಯಾಗ ಲಿಂಗ ಸಿಗತಾವ. ಒಂದು ತರಿಸಿ ಕರಡಗ್ಯಾಗ ಹಾಕು, ಮುಗೀತು," ಎಂದರು.

"ಗುರುವಿನ ಕೈಯಿಂದ ಬರೂತನಕ ಅಂಗಡಿ ಲಿಂಗಾನೂ ಕಲ್ಲ ರೀ!"

"ಹಂಗಾರ ನೀ ಒಗದ ಕಲ್ಲ ಸಾಕಿತ್ತಲ್ಲ," ಎಂದರು. ಎಷ್ಟು ಸಲೀಸು ಈ ಗಂಡಸರಿಗೆ! ಫೋನು ಕುಕ್ಕಿದೆ. ಗುರುವಿನ ಮುಂದೆ ಮುಚ್ಚಿಡುವುದೇ? ಅವರು ಕೇಳಲಿ ಬಿಡಲಿ, ಹೇಳಬೇಕು. ನಾನು ಹಾಗೇ ಬೆಳೆದವಳು.

ಶುಕ್ರವಾರ, ನವೆಂಬರ್ ೧೫

ಅವನು ಉಣ್ಣುತ್ತಿಲ್ಲ.

ಮೊದಲ ದಿನ ಸಿಟ್ಟಿಗೆ ಬಿಟ್ಟಿದ್ದಾನೆ ಎಂದುಕೊಂಡೆ. ನಿನ್ನೆಯೂ ಇಲ್ಲ. ಬರೀ ಚಹಾ, ಅದೂ ದಾನೇಶ್ವರಿ ಕೈ ಹಿಡಿದು ಕುಡಿಸಿದ್ದಕ್ಕೆ. ಇವತ್ತು ಬೆಳಿಗ್ಗೆ ರೊಟ್ಟಿಯ ತಾಟು ಮುಂದಿಟ್ಟು "ಉಣ್ಣೋ" ಎಂದು ಒದರಿದೆ.

"ಯಾವುದಕ್ಕ ತೋರಿಸಿ ಉಣ್ಣಲಿ ಯವ್ವಾ? ನೀನ ಕಲಿಸೀದಿ."

ನಾನೇ ಕಲಿಸಿದೆ, ಹೌದು. ಚಿಕ್ಕವನಿದ್ದಾಗ ಲಿಂಗಕ್ಕೆ ತೋರಿಸದೆ ಬೆಲ್ಲದ ಚೂರು ಬಾಯಿಗಿಟ್ಟರೂ ಬೆರಳು ಹಾಕಿ ಹೊರಗೆ ತೆಗೆಸುತ್ತಿದ್ದೆ. ಅದಕ್ಕೆ ಹೀಗೆ ಮಾಡುವುದೇ? ಹೊಳೆಯಲ್ಲಿ ಹುಟ್ಟು ಹಾಕುವವನು ಖಾಲಿ ಹೊಟ್ಟೆಯಲ್ಲಿ ಹೋದರೆ ಏನಾದೀತು ಎಂಬ ಬುದ್ಧಿ ಬೇಡವೇ?

ಅವನು ಹೋದ ಮೇಲೆ ಹಿತ್ತಲ ಗೋಡೆಯಾಚೆ ಹೋದೆ. ಪೊದೆಯ ತುಂಬ ಹೋಂಸ್ಟೇಯವರ ಬಾಟಲಿ, ಚಿಪ್ಸಿನ ಪಾಕೀಟು. ಮುಳ್ಳು ಗೀರಿತು. ಬಿಳಿ ಗೆರೆಯ ಕಲ್ಲು ಒಂದೆರಡಲ್ಲ, ಎಲ್ಲಿ ನೋಡಿದರೂ ಅವೇ. ಸೀರೆಯ ಸೆರಗಿನಲ್ಲಿ ಒಂದಿಷ್ಟು ಆರಿಸಿಕೊಂಡು ಎದ್ದೆ. ಗೋಡೆಯ ಈ ಕಡೆ ದಾನೇಶ್ವರಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ನೋಡುತ್ತ ನಿಂತಿದ್ದಳು.

"ಯಾವುದು ಅದು? ನಿನಗ ಗುರುತು ಹತ್ತತೈತೇನು?" ಎಂದೆ.

ಒಂದೊಂದನ್ನೇ ನೋಡಿದಳು. "ಇಲ್ರಿ. ಬಿಡ್ರಿ ಅತ್ತಿ. ಹೊಳೀಗೆ ಕಲ್ಲು ಕಮ್ಮಿ ಇಲ್ಲ. ನಿಮ್ಮ ಕೈಗೆ ರಕ್ತ ಬಂದೈತಿ, ಬರ್ರಿ."

ಅರಿಸಿನ ಹಚ್ಚಿದಳು. ನಾನು ಬೇಡ ಎನ್ನುತ್ತಲೇ ಇದ್ದೆ, ಅವಳು ಹಚ್ಚುತ್ತಲೇ ಇದ್ದಳು. ಮೊಂಡ ಹೆಣ್ಣು.

ಆಮೇಲೆ ಯೋಚಿಸಿ ಬುತ್ತಿ ಕಟ್ಟಿದೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ನನ್ನ ಒಲೆ ಸಣ್ಣದು, ಬೇಯುವುದು ತಡ ಎಂದು ಪಲ್ಯವನ್ನು ಅವಳೇ ಮಾಡಿದಳು. ಹೊಳೆಯ ದಂಡೆಗೆ ನಡೆದು ಹೋಗಿ ಮಗನನ್ನು ಮರದ ಬುಡಕ್ಕೆ ಕರೆದೆ. ನನ್ನ ಲಿಂಗವನ್ನು ಅಂಗೈಯಲ್ಲಿ ಹಿಡಿದು, "ಇದಕ್ಕ ತೋರಿಸಿ ಉಣ್ಣು. ನನ್ನ ಪ್ರಸಾದ ಅಂತ ಉಣ್ಣು. ಮಾತಾಡಬ್ಯಾಡ," ಎಂದೆ.

ಕೈ ತೊಳೆದು ಬಂದು ಕುಳಿತ. ತಾಟು ಎತ್ತಿ ತೋರಿಸಿ ಉಂಡ. ಎಷ್ಟು ಹಸಿದಿದ್ದನೋ, ರೊಟ್ಟಿ ಮುರಿಯುವ ಸದ್ದು ಕೂಡ ಕೇಳಲಿಲ್ಲ. ದಿನವೂ ಹೀಗೆ ಬುತ್ತಿ ಹೊತ್ತು ತಿರುಗಬೇಕೇನು ನಾನು? ನನಗೆ ಮೊಣಕಾಲು ನೋವು.

ಭಾನುವಾರ, ನವೆಂಬರ್ ೧೭

ಇವತ್ತು ಬುತ್ತಿ ತೆಗೆದುಕೊಂಡು ಹೋದಾಗ ವೀರೇಶನ ದೋಣಿ ಇನ್ನೂ ಬಂದಿರಲಿಲ್ಲ. ಹೊಳೆ ಕಲ್ಲುಬಂಡೆಗಳ ಮೇಲೆ ನೊರೆ ಕಾರುತ್ತ ಹೋಗುತ್ತಿತ್ತು. ನೀಲಿ ಅಂಗಿಯ ಹುಡುಗನೊಬ್ಬ ಹತ್ತಿರ ಬಂದು ನಿಂತ. ವೀರೇಶನ ಜೊತೆಗೇ ದೋಣಿಯ ಕೆಲಸ ಮಾಡುವವನು.

"ವೀರೇಶನ ಅವ್ವಾರೇನ್ರಿ? ನಾ ಹರೀಶ. ಮುಂಡಗೋಡ ಕಡೆ ತಾಂಡಾದಾಂವ."

"ಹ್ಞೂ. ಏನಪಾ?"

"ನನ್ನ ಮ್ಯಾಲೆ ಸಿಟ್ಟು ಮಾಡಕೋಬ್ಯಾಡ್ರಿ. ನಿಮಗ ಎಲ್ಲಾ ಗೊತ್ತಾಗೇತಿ ಅಂತ ವೀರೇಶ ಹೇಳಿದ. ಕೊಯ್ದಾಂವ ನಾನ ರೀ."

"ಏನು ಕೊಯ್ದಿ?"

ಅವನು ದೋಣಿಯ ಕಡೆ ತಿರುಗಿ ಹೋಗಲು ನೋಡಿದ. ನನಗೆ ಗೊತ್ತಿಲ್ಲ ಎಂದು ಆಗ ಅವನಿಗೆ ಗೊತ್ತಾಯಿತು. ಬಿಡದೆ ಕೇಳಿದೆ. ಹೇಳಿದ.

"ದೋಣಿ ಮಗಚಿ ಬಿತ್ತರಿ. ಜನಾ ಎಲ್ಲಾ ಮ್ಯಾಲೆ ಬಂದ್ರು, ಇಂವಾ ಬರ್ಲಿಲ್ಲ. ದೋಣಿ ಸುತ್ತ ಹಗ್ಗ ಇರತೈತಲ್ರಿ, ಅದಕ್ಕ ಇವನ ಕೊಳ್ಳಾಗಿನ ದಾರ ಸಿಕ್ಕಿತ್ತು. ದೋಣಿ ಎಳಕೊಂಡು ಹೊಂಟೈತಿ, ಇವನ ಮಾರಿ ನೀರಾಗ. ದಾರ ಕೊಳ್ಳಾಗ ನಟ್ಟಿತ್ತು. ನಾ ಹರ್ಯಾಕ ನೋಡಿದೆ, ಹರೀಲಿಲ್ಲ. ಭಾಳ ಗಟ್ಟಿ ಇತ್ತರಿ. ಕಡೀಕ ಚಾಕೂಲೆ ಕೊಯ್ದೆ. ಡ್ಯಾಮಿನ ನೀರು ಬಂದ್ ಆದ ಮ್ಯಾಲೆ ಎಲ್ಲಾರೂ ಇಳದು ಹುಡಿಕಿದ್ವಿ, ಸಿಗಲಿಲ್ಲ. ಆವಾಗಿಂದ ನಮ್ಮ ಮಾಲಕರು ಕೊಳ್ಳಾಗ ದಾರ, ಸರಾ ಏನೂ ಇರಬಾರದು ಅಂತ ಮಾಡ್ಯಾರ."

"ಭಾಳ ಗಟ್ಟಿ ಇತ್ತಾ?"

"ಉಕ್ಕಿನಂಗ ಇತ್ತರಿ ಅವ್ವಾರ."

ಆ ಶಿವದಾರವನ್ನು ಹೊಸೆದವಳು ನಾನು. ಪಾಳಾದ ಮನೆಯ ಕಟ್ಟೆಯ ಮೇಲೆ ಕುಳಿತು, ಎಳೆಯ ಮೇಲೆ ಎಳೆ ಸೇರಿಸಿ, ಮೇಣ ತಿಕ್ಕಿ. ಹೊಳೆಯ ಕೆಲಸ, ಹರಿದೀತು ಎಂದು. ಗಟ್ಟಿಯಾಗಿ ಹೊಸೆಯದೆ ಜೇಡನ ಬಲೆಯ ಹಾಗೆ ಹೊಸೆಯಬೇಕಿತ್ತೇ? ದಾರ ಗಟ್ಟಿ ಇರಲಿ ಎಂದು ಯಾವ ತಾಯಿ ಬಯಸುವುದಿಲ್ಲ?

ಹರೀಶನಿಗೇ ಬೈದೆ. "ಇಷ್ಟ ದಿನಾ ಬಂದು ಹೇಳಾಕ ನಿನಗೇನಾಗಿತ್ತು? ಬಾಯಾಗ ನಾಲಗಿ ಇರಲಿಲ್ಲ?"

"ಅಂಜಿಕಿ ಬಂತರಿ. ದೇವರ ದಾರಕ್ಕ ಚಾಕು ಹಚ್ಚೀನಿ."

"ಚಾಕು ಹಚ್ಚೀನಿ ಅಂತ! ಯಾವ ಕೈಲೆ ಕೊಯ್ದಿ?"

ಬಲಗೈ ಮುಂದೆ ಚಾಚಿದ, ಹೊಡೆಯುತ್ತೇನೆ ಎಂದುಕೊಂಡನೋ ಏನೋ. ಅದರ ಮೇಲೆ ರೊಟ್ಟಿ ಪಲ್ಯ ಇಟ್ಟೆ. "ತಿನ್ನು," ಎಂದೆ. ನಿಂತೇ ತಿಂದ.

ವೀರೇಶ ಬಂದಾಗ ಅವನ ಕುತ್ತಿಗೆ ನೋಡಿದೆ. ಹಿಂದೆ, ಕೂದಲಿನ ಕೆಳಗೆ, ಒಂದು ಕಪ್ಪು ಗೆರೆ. ಇಷ್ಟು ದಿನ ಬಿಸಿಲಿಗೆ ಆದದ್ದು ಎಂದುಕೊಂಡಿದ್ದೆ. ಬುತ್ತಿ ಬಿಚ್ಚಿ ಮುಂದಿಟ್ಟೆ. ಬುತ್ತಿಯಲ್ಲಿ ರೊಟ್ಟಿ ಕಡಿಮೆ ಇದೆ ಎಂದ. ಕಡಿಮೆ ಇದ್ದರೆ ಕಡಿಮೆ ತಿನ್ನು ಎಂದೆ.

ಮನೆಗೆ ಬಂದು ದಾನೇಶ್ವರಿಗೆ, "ದಾರ ಕೊಳ್ಳಿಗೆ ಸಿಕ್ಕಿತ್ತು ಅಂತ ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಬ್ಯಾಡ ಅಂದಿದ್ರು ರೀ. ನಿಮ್ಮ ಕೈಲೆ ಹೊಸದ ದಾರ ಅಂತ."

ತೊಟ್ಟಿಲು ತೂಗುತ್ತ ಕುಳಿತೆ. ಕೂಸು ಯಾವಾಗಲೋ ಮಲಗಿತ್ತು.

ಗುರುವಾರ, ನವೆಂಬರ್ ೨೧

ನನ್ನ ಒಲೆ ತೆಗೆದೆ. ಸಣ್ಣ ಮನೆಯಲ್ಲಿ ಎರಡು ಒಲೆ ಎಂದರೆ ಬರೀ ಹೊಗೆ, ಕೂಸು ಕೆಮ್ಮುತ್ತದೆ. ಬೇರೆ ಏನೂ ಕಾರಣವಿಲ್ಲ.

ದಾನೇಶ್ವರಿಯ ಸಾರಿಗೆ ಉಪ್ಪು ಹೆಚ್ಚು.

ಸೋಮವಾರ, ನವೆಂಬರ್ ೨೫

ಮೈಯೆಲ್ಲ ಉರಿಯುತ್ತಿದೆ, ಆದರೂ ಎಲ್ಲ ಬರೆದೇ ಏಳುತ್ತೇನೆ.

ಬಸಲಿಂಗಯ್ಯನವರು, ಜೊತೆಗೆ ನಮ್ಮವರು, ದಾಂಡೇಲಿಯ ಬಸ್ಸಿಗೆ ಬಂದರು. ಅಯ್ಯನವರಿಗೆ ಎಪ್ಪತ್ತು ದಾಟಿದೆ. ಬಸ್ಸಿನ ತಿರುವುಗಳಿಗೆ ತಲೆ ಸುತ್ತಿ ಮುಖ ಬಾಡಿತ್ತು. ಪಾದ ತೊಳೆದು, ಮಣೆ ಹಾಕಿ ಕೂರಿಸಿದೆ. ಹೂವು, ಪತ್ರಿ, ಹೋಳಿಗೆ ಎಲ್ಲ ತಯಾರಿತ್ತು. ಅವರು ಜೋಳಿಗೆಯಿಂದ ಕೂಸಿನ ಲಿಂಗ ತೆಗೆದು ಬಿಳಿ ಅರಿವೆಯ ಮೇಲೆ ಇಟ್ಟರು. ಎಷ್ಟು ಸಣ್ಣದು, ಕೂಸಿನ ಮುಷ್ಟಿಯೊಳಗೆ ಹಿಡಿಸುವಷ್ಟು.

"ಎಲ್ಲಿ ವೀರೇಶ, ಬಾರೋ. ಅಂಗೈ ಹಿಡಿ," ಎಂದರು.

ನಮ್ಮವರು ಸುಮ್ಮನಿರು ಎಂದು ನನಗೆ ಕಣ್ಣು ಸನ್ನೆ ಮಾಡಿದರು. ನಾನು ಅವರತ್ತ ನೋಡಲೇ ಇಲ್ಲ. ದೋಣಿ ಮಗುಚಿದ್ದು, ದಾರ ಸಿಕ್ಕಿದ್ದು, ಕೊಯ್ದದ್ದು, ಕಲ್ಲು ಕಟ್ಟಿಕೊಂಡದ್ದು, ನಾನು ಅದನ್ನು ಒಗೆದದ್ದು, ಒಂದನ್ನೂ ಬಿಡದೆ ಹೇಳಿದೆ. "ಕೂಸಿನ ಜೋಡಿ ಇವನಿಗೂ ಹೊಸದಾಗಿ ಲಿಂಗ ಕೊಡ್ರಿ ಅಯ್ಯಾರ," ಎಂದು ಅಡ್ಡಬಿದ್ದೆ.

ಅಯ್ಯನವರು ಕೂಸಿನ ಲಿಂಗವನ್ನು ತಿರುಗಿ ಅರಿವೆಯಲ್ಲಿ ಸುತ್ತಿದರು.

"ಶಂಕ್ರೆವ್ವ, ಅಪ್ಪನ ಅಂಗೈ ಖಾಲಿ. ಕೂಸಿನ ಲಿಂಗ ಎಲ್ಲಿ ಇಡ್ಲಿ? ಇವತ್ತು ಆಗಾಂಗಿಲ್ಲ."

"ಯಾವಾಗ ಆಗತೈತ್ರಿ?"

"ನೋಡೂಣು. ಹಿಂದಿನ ಕಾಲದಾಗ ಲಿಂಗ ಹೋದ್ರ ಪ್ರಾಣಾನ ಬಿಡತಿದ್ರು. ಇಂವಾ ಕಲ್ಲು ಕಟಗೊಂಡು ಮೂರೂ ಹೊತ್ತು ಉಂಡಾನ. ಸುಮ್ನ ಬಿಡತೈತೇನು ಅದು? ಅದಕ್ಕ ನೋಡು, ಕೂಸು ದಿನಾ ತುಂಬದ ಬಂತು."

ದಾನೇಶ್ವರಿ ಕೂಸನ್ನು ಎದೆಗೆ ಒತ್ತಿಕೊಂಡು ತಲೆ ಕೆಳಗೆ ಹಾಕಿದಳು. ಅವಳ ಬೈತಲೆ ಮಾತ್ರ ಕಾಣುತ್ತಿತ್ತು. ನನಗೆ ನೆತ್ತಿಗೆ ಏರಿತು. ಇಂಥ ಮಾತನ್ನು ಹಸುಗೂಸಿನ ತಾಯಿಯ ಮುಂದೆ ಆಡುತ್ತಾರೆಯೇ? ಗಾಜಿನ ಪೆಟ್ಟಿಗೆಯ ಮುಂದೆ ಹಗಲೂ ರಾತ್ರಿ ಕುಳಿತವಳು ಅವಳು. ಯಾರಿಗಾದರೂ ಇಂಥದನ್ನು ಅನ್ನಲು ಬಾಯಿ ಹೇಗೆ ಬರುತ್ತದೆ?

"ಅಯ್ಯಾರ, ಕೂಸಿನ ಸುದ್ದಿ ತಗೀಬ್ಯಾಡ್ರಿ," ಎಂದೆ. "ಕೂಸಿನ್ನ ಆಕಿ ಉಳಿಸಿಕೊಂಡಾಳ. ಗಂಡನ್ನೂ ಆಕಿನ ಉಳಿಸಿಕೊಂಡಾಳ. ಕಲ್ಲು ಕೊಟ್ಟಿದ್ದಿಲ್ಲ ಅಂದ್ರ ಇಂವಾ ಹಸದು ಹೊಳ್ಯಾಗ ಬೀಳತಿದ್ದ."

"ಏ, ಯಾರ ಮುಂದ ಮಾತಾಡಾಕತ್ತಿ?" ಎಂದರು ನಮ್ಮವರು.

"ನೀವು ಸುಮ್ಮ ಕೂಡ್ರಿ. ಅಯ್ಯಾರ, ನಾ ಕೇಳತೇನಿ, ನೀವು ಹೇಳ್ರಿ. ಆ ದಿನಾ ಹೊಳ್ಯಾಗ ಲಿಂಗ ಇತ್ತು, ನನ್ನ ಮಗಾ ಇದ್ದ. ಎರಡರಾಗ ಒಂದ ದಂಡೀಗೆ ಬರೂದಿತ್ತು. ಯಾವುದು ಬರಬೇಕಿತ್ತು? ಇಲ್ಲೇ ಹೇಳ್ರಿ. ಇವನ ಹೇಂತಿ ಮುಂದ ಹೇಳ್ರಿ."

ವೀರೇಶ "ಯವ್ವಾ" ಎಂದ, ಅಷ್ಟೇ. ಅಯ್ಯನವರು ಚಾಳೀಸು ತೆಗೆದು ಶಲ್ಯದಿಂದ ಒರೆಸಿದರು. ಮತ್ತೆ ಒರೆಸಿದರು. ಆಮೇಲೆ, "ಮೊದಲ ಒಂದು ಚಾ ಕುಡಸ್ರವ್ವಾ. ಬಸ್ಸಿನ್ಯಾಗ ಹೊಟ್ಟಿ ತೊಳಸೇತಿ," ಎಂದರು.

ಚಹಾ ಮಾಡಿದೆ. ಶುಂಠಿಯನ್ನು ಎಷ್ಟು ಜೋರಾಗಿ ಕುಟ್ಟಿದೆನೆಂದರೆ ಪಕ್ಕದ ಮನೆಯ ನಾಯಿ ಬೊಗಳಿತು.

ಅಯ್ಯನವರು ಅರ್ಧ ಕುಡಿದು ಕೇಳಿದರು, "ಈ ಮನಿತನಕ್ಕ ನಾ ಬರಾಕತ್ತಿದ್ದು ನಿನ್ನ ಮದವಿ ಕಾಲದಿಂದ. ಹಿಂಗ ಯಾವತ್ತೂ ಅಂದಿದ್ದಿಲ್ಲ ನೀ. ಇರ್ಲಿ. ಇಂವಾ ಹೊಸಾ ಲಿಂಗ ಪಡೀಬೇಕಂದ್ರ ಅದಕ್ಕ ಅದರದ ಕ್ರಮ ಐತಿ, ಅದನ್ನ ನಾ ಬಿಡಾಂವಲ್ಲ. ಇವತ್ತು ಇವನ ಅಂಗೈ ಖಾಲಿನ. ಅದಕ್ಕೇನು ಮಾಡ್ತಿ?"

"ದಾನೇಶ್ವರಿ ಕೊಳ್ಳಾಗ ಲಿಂಗ ಇಲ್ಲೇನ್ರಿ? ಹೊಟ್ಯಾಗ ಇಟಗೊಂಡಿದ್ದಾಕಿ ಆಕಿ. ಆಕಿ ಅಂಗೈಗೇನಾಗೇತಿ?"

"ನಿಮ್ಮ ಮನಿ ಪದ್ಧತಿ ಅಲ್ಲಲ್ಲವಾ ಅದು."

"ಪದ್ಧತಿ ಮಾಡಿದವರೂ ನಮ್ಮ ಮನ್ಯಾವರ ಅಲ್ರಿ? ನಾನೂ ಈ ಮನ್ಯಾಕಿನ."

ಅಯ್ಯನವರು ನಮ್ಮವರ ಮುಖ ನೋಡಿದರು. "ಈಶಪ್ಪ, ನೀ ಏನಂತಿ?"

"ನನಗ ಸುಮ್ಮ ಕೂಡ್ರಿ ಅಂದಾಳರಿ," ಎಂದರು ಇವರು.

ಅಯ್ಯನವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಬಾ ತಂಗಿ, ಕೈ ತೊಳಕೊಂಡು ಕೂಡು," ಎಂದರು.

ದಾನೇಶ್ವರಿಯ ಎಡ ಅಂಗೈಯಲ್ಲಿ ಅವಳ ಲಿಂಗ, ಮಗ್ಗುಲಲ್ಲಿ ಆ ಸಣ್ಣ ಲಿಂಗ. ಅವಳ ಕೈ ಒಂದಿಷ್ಟೂ ಅಲುಗಲಿಲ್ಲ. ಪತ್ರಿ ಏರಿಸಿದರು, ಮಂತ್ರ ಹೇಳಿದರು, ಕೂಸಿಗೆ ಕಟ್ಟಿದರು. ನಾಗು ಒಮ್ಮೆ ಅತ್ತು ಸುಮ್ಮನಾಯಿತು. ವೀರೇಶ ಖಾಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ.

"ಬರೂ ಸೋಮವಾರ ಇವನ್ನ ಪಾಳಾಕ್ಕ ಕರಕೊಂಡು ಬಾ. ಒಂದು ದಿನಾ ಉಪವಾಸ ಇರ್ಲಿ," ಎಂದರು ಅಯ್ಯನವರು.

"ಉಪಾಸ ಮಾಡಿ ಮಾಡಿ ಅವನ ಎಲುಬು ಎಣಸಾಕ ಬರತಾವರಿ," ಎಂದೆ. ಅವರು ಕೇಳಿಸದವರಂತೆ ಜೋಳಿಗೆ ಕಟ್ಟಿದರು.

ಬಸ್ಸಿಗೆ ಹೋಗುವಾಗ ನಮ್ಮವರು ಮೆಲ್ಲಗೆ "ಚಲೋ ಅಂದಿ ಬಿಡು" ಎಂದರು. ಈಗ! ಹೋಳಿಗೆ ತಿಂದು ಕೈ ತೊಳೆದ ಮೇಲೆ! ಆಗ ಎಲ್ಲಿ ಹೋಗಿತ್ತು ನಾಲಗೆ? ಒಬ್ಬರ ಮೇಲಾದರೂ ಸಿಟ್ಟು ಇಳಿಯಲಿ ಎಂದರೆ ಯಾರೂ ಬಿಡುವುದಿಲ್ಲ.

ಶುಕ್ರವಾರ, ಡಿಸೆಂಬರ್ ೬

ಸೋಮವಾರ ಪಾಳಾದಲ್ಲಿ ವೀರೇಶನಿಗೆ ಅಯ್ಯನವರು ಹೊಸ ಲಿಂಗ ಕೊಟ್ಟರು. ಮನೆಯ ಕೆಲಸ ಎಂದು ನಮ್ಮವರು ಎರಡು ದಿನ ನಿಲ್ಲಿಸಿಕೊಂಡರು, ನಿನ್ನೆ ತಿರುಗಿ ಬಂದೆವು. ನಾನು ಅಲ್ಲೇ ಉಳಿಯಬೇಕಿತ್ತು, ಜೋಳ ಕಟಾವಿಗೆ ಬಂದಿದೆ. ನಾಗುವಿಗೆ ಶೀತ ಎಂದು ಬಂದೆ.

ಇವತ್ತು ಅವನಿಗೆ ಹೊಳೆಯ ಕೆಲಸ. ಬಾಗಿಲ ತನಕ ಹೋಗಿ ನಿಂತ. ಕೊರಳಲ್ಲಿ ದಾರ ಇದ್ದರೆ ದೋಣಿ ಹತ್ತಿಸುವುದಿಲ್ಲ. ಮಾಲೀಕರು ಹತ್ತಿಸಿದರೂ ನಾನು ಹತ್ತಿಸುವುದಿಲ್ಲ. ಲಿಂಗ ತೆಗೆದು ಕೈಯಲ್ಲಿ ಹಿಡಿದ, ಎಲ್ಲಿ ಇಡಬೇಕು ಎಂದು ತಿಳಿಯದೆ ನೋಡುತ್ತಿದ್ದ. ಕಲ್ಲಿದ್ದಾಗ ದಂಡೆಯಲ್ಲಿ ಚೀಲದೊಳಗೆ ಬಿಟ್ಟು ದೋಣಿ ಹತ್ತುತ್ತಿದ್ದನಂತೆ. ಮೈಮೇಲಿನ ಲಿಂಗವನ್ನು ಹಾಗೆ ಬಿಡಲು, ಗೂಟಕ್ಕೆ ತೂಗುಹಾಕಲು ಬರುತ್ತದೆಯೇ?

ದಾನೇಶ್ವರಿ ಕೈ ಚಾಚಿದಳು. ನಾನು ಅವಳ ಕೈ ಸರಿಸಿದೆ. "ನಿನಗ ಬ್ಯಾಡ. ಕೂಸು ಹಿಡದು ಎಳೀತೈತಿ. ನನಗ ಕೊಡೋ," ಎಂದು ಇಸಿದುಕೊಂಡು ನನ್ನ ಕೊರಳಿಗೆ ಕಟ್ಟಿಕೊಂಡೆ. "ಸಂಜೀಕ ಬಂದು ತಿರುಗಿ ಕಟಗೋ. ಅಲ್ಲಿತನಕ ಇಲ್ಲಿರತೈತಿ. ಹೋಗು, ಜನಾ ಕುಂತಾರ," ಎಂದೆ.

"ಹಿಂಗ ಮಾಡಾಕ ಬರತೈತೇನ ಯವ್ವಾ?"

"ಬರಲಿಲ್ಲಂದ್ರ ಬರೂಹಂಗ ಮಾಡೂಣು. ಹೋಗು."

ಮಧ್ಯಾಹ್ನ ಅಯ್ಯನವರು ಕೂಸಿನ ಶೀತ ಹೇಗಿದೆ ಎಂದು ಫೋನು ಮಾಡಿದ್ದರು. ಕಷಾಯ ಹೇಳಿದರು. ಇದರ ಸುದ್ದಿ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಈಗ ಹೊತ್ತು ಮುಳುಗಲು ಬಂದಿದೆ. ಅವನ ಸುಳಿವಿಲ್ಲ. ಡ್ಯಾಮಿನವರು ನೀರು ತಡವಾಗಿ ಬಿಟ್ಟರಂತೆ, ಹರೀಶ ಫೋನು ಮಾಡಿ ತಿಳಿಸಿದ. ತಡವಾಗಿ ಬಿಟ್ಟರೆ ತಡವಾಗಿ ಹೋಗಬೇಕೇ? ನಾಳೆ ಬನ್ನಿ ಎಂದು ಆ ಮಂದಿಗೆ ಹೇಳಬಾರದೇ? ಕತ್ತಲಾದ ಮೇಲೆ ಹೊಳೆಯಲ್ಲಿ ಬಂಡೆ ಕಾಣುತ್ತವೆಯೇ?

"ಉಣ್ಣಾಕ ಏಳ್ರಿ ಅತ್ತಿ. ಮಧ್ಯಾನ್ನನೂ ಉಂಡಿಲ್ಲ ನೀವು. ನಿಮ್ಮ ಲಿಂಗ ನಿಮ್ಮ ಕೊಳ್ಳಾಗ ಐತಲ್ರಿ," ಎಂದಳು ದಾನೇಶ್ವರಿ.

"ಒಂದ ಐತೇನು? ಎರಡದಾವ. ಒಂದಕ್ಕ ತೋರಿಸಿ ಇನ್ನೊಂದನ್ನ ಉಪಾಸ ಹಾಕಲೇನು?"

"ಎರಡಕ್ಕೂ ತೋರಸ್ರಿ."

"ಅದು ಅವನದು. ಅಂವಾ ಬಂದು ತೋರಸತಾನ."

ಅವಳು ತಾಟು ಮುಚ್ಚಿಟ್ಟು ಬಂದು ನನ್ನ ಪಕ್ಕ ಹೊಸ್ತಿಲ ಮೇಲೆ ಕುಳಿತಳು, ಮಡಿಲಲ್ಲಿ ಕೂಸು. ಅವಳೂ ಉಂಡಿಲ್ಲ. ಇಬ್ಬರೂ ರಸ್ತೆ ನೋಡುತ್ತ ಅವನಿಗೆ ಬೈಯುತ್ತಿದ್ದೇವೆ. ನಾನು ಒಂದು ಮರೆತರೆ ಅವಳು ನೆನಪು ಮಾಡಿಕೊಡುತ್ತಾಳೆ. ಫೋನು ಎತ್ತುವುದಿಲ್ಲ, ಒದ್ದೆ ಅರಿವೆಯಲ್ಲೇ ತಿರುಗುತ್ತಾನೆ, ಹೇಳಿದ ಹೊತ್ತಿಗೆ ಒಂದು ದಿನವೂ ಬಂದವನಲ್ಲ. ಅವಳ ಬಾಯಿ ನನಗಿಂತ ಚೆನ್ನಾಗಿದೆ.

ಬರಲಿ ಅವನು.